ಎಳೆಯೋದು ಎಂಜಿನ್, ಹಿಡಿಯೋದು ಟೈರು

ಅಮೆರಿಕಕ್ಕೆ ಹೋಗಿ ನಾಲ್ಕೈದು ವರ್ಷವಾಗಿ, ಒಂದು ಮನೆ, ಒಂದು ಎಸ್‌ಯುವಿ ಆದಮೇಲೆ ನಮ್ಮ ಹುಡುಗರಿಗೆ ಹುಟ್ಟೋ ಮುಂದಿನ ಆಸೆ ಟ್ರೇಲರ್. ಕ್ಯಾಂಪಿಂಗಿಗೆ ಒಂದು, ಇಲ್ಲವೇ ಊರು ಬದಲಿಸುವಾಗ ಸಾಮಾನು ತುಂಬೋಕೆ ಬಾಡಿಗೆಗೆ ಒಂದು. ಆಗ ಕೇಳಿಬರೋ ಮಾತು ಒಂದೇ: "ನನ್ನ ಗಾಡಿ 5,000 ಪೌಂಡ್ ಎಳೆಯುತ್ತೆ ಗುರೂ!" ಎಳೆಯುತ್ತೆ, ಒಪ್ಪಿದೆ. ಆದರೆ ಗಂಟೆಗೆ 65 ಮೈಲಿ ವೇಗದಲ್ಲಿ ಆ ಟ್ರೇಲರ್ ನಾಯಿಬಾಲದ ಹಾಗೆ ಅಲ್ಲಾಡೋಕೆ ಶುರುಮಾಡಿದರೆ ಹಿಡಿದು ನಿಲ್ಲಿಸೋದು ಯಾರು? ಈ ಪ್ರಶ್ನೆಯನ್ನ ಕೊಳ್ಳೋರೂ ಕೇಳಲ್ಲ, ಮಾರೋರಂತೂ ಎತ್ತೋದೇ ಇಲ್ಲ.

ಹಿಡಿಯೋದು ಗಾಡಿಯ ಹಿಂದಿನ ಎರಡು ಟೈರು. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಆ ಟೈರುಗಳ ಸೈಡ್‌ವಾಲ್ ಮತ್ತು ಒಳಗಿರೋ ಗಾಳಿ.

ಟ್ರೇಲರ್ ಕೊಂಡಿ ಇರೋದು ಹಿಂದಿನ ಆಕ್ಸಲ್‌ನಿಂದಲೂ ಆಚೆಗೆ. ಪಕ್ಕದಲ್ಲಿ ದೊಡ್ಡ ಟ್ರಕ್ಕೊಂದು ಹಾದುಹೋದರೆ ಸಾಕು, ಗಾಳಿ ಟ್ರೇಲರನ್ನ ತಳ್ಳುತ್ತೆ, ಟ್ರೇಲರ್ ಕೊಂಡಿಯನ್ನ ಅಡ್ಡಕ್ಕೆ ತಳ್ಳುತ್ತೆ, ಕೊಂಡಿ ಸನ್ನೆಗೋಲಿನ ಹಾಗೆ ಗಾಡಿಯ ಹಿಂಭಾಗವನ್ನೇ ತಿರುಗಿಸೋಕೆ ನೋಡುತ್ತೆ. ಟೈರಿನ ತಳ ರಸ್ತೆಗೆ ಕಚ್ಚಿಕೊಂಡೇ ಇರಬಹುದು. ಆದರೆ ಸೈಡ್‌ವಾಲ್ ಮೆತ್ತಗಿದ್ದರೆ, ಗಾಳಿ ಕಮ್ಮಿಯಿದ್ದರೆ, ಮೇಲಿನ ರಿಮ್ಮು ಪಕ್ಕಕ್ಕೆ ವಾಲುತ್ತೆ. ವಾಲಿದ್ದು ವಾಪಸ್ ಬರೋದೂ ತಡ. ಅಷ್ಟರಲ್ಲಿ ಟ್ರೇಲರ್ ಇನ್ನೊಂದು ಕಡೆಗೆ ಹೊರಟಾಗಿರುತ್ತೆ. ನಿಧಾನವಾಗಿ ಹೋಗುವಾಗ ಈ ತೂಗಾಟ ತಾನಾಗಿಯೇ ಸಾಯುತ್ತೆ. ಒಂದು ವೇಗ ದಾಟಿದ ಮೇಲೆ ಸಾಯೋದಿರಲಿ, ಬೆಳೆಯುತ್ತೆ. ಮೆತ್ತನೆ ಟೈರು ಮಾಡೋದು ಇಷ್ಟೇ: ಆ ಅಪಾಯದ ವೇಗವನ್ನ ಕೆಳಕ್ಕಿಳಿಸಿ ನಿಮ್ಮ ಹತ್ತಿರಕ್ಕೆ ತರುತ್ತೆ.

ಹಾಗಿದ್ದರೆ ಕಂಪನಿಗಳು ಗಟ್ಟಿ ಸೈಡ್‌ವಾಲ್‌ನ ಟೈರನ್ನೇ ಯಾಕೆ ಹಾಕಲ್ಲ? ಯಾಕಂದ್ರೆ ಟೆಸ್ಟ್ ಡ್ರೈವ್ ನಡೆಯೋದು ಖಾಲಿ ಗಾಡಿಯಲ್ಲಿ, ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಮಾರಾಟವಾಗೋದು ಮೆತ್ತನೆ ಸವಾರಿ. 'ಎಲ್‌ಟಿ' ಅಂತ ಬರೆದಿರೋ ಲೈಟ್ ಟ್ರಕ್ ಟೈರಿನ ಸೈಡ್‌ವಾಲ್ ಗಟ್ಟಿ, ಅದು ಹೆಚ್ಚು ಒತ್ತಡವನ್ನೂ ತಾಳುತ್ತೆ. ಆದರೆ ಹಳ್ಳ-ದಿಣ್ಣೆ ಸೊಂಟಕ್ಕೆ ಗೊತ್ತಾಗುತ್ತೆ. ಹಾಗಾಗಿ ಎಳೆಯೋ ಶಕ್ತಿ ಜಾಹೀರಾತಿಗೆ, ಮೆತ್ತನೆ ಟೈರು ಗಿರಾಕಿಗೆ. ಎರಡನ್ನೂ ಒಟ್ಟಿಗೆ ಹೈವೇಗೆ ತರೋ ಹೊಣೆ ಮಾತ್ರ ನಿಮ್ಮದು.

ಇದನ್ನ ಗೊಣಗಾಟ ಅಂದುಕೊಳ್ಳೋರು ಫೋರ್ಡ್ ಎಕ್ಸ್‌ಪ್ಲೋರರ್ ಕಥೆ ಓದಬೇಕು. ಅದರ ಟೈರಿಗೆ ಫೋರ್ಡ್ ಹೇಳಿದ್ದ ಒತ್ತಡ 26 ಪಿಎಸ್ಐ. ಕಮ್ಮಿ ಗಾಳಿಯಿಂದ ಸವಾರಿ ಮೆತ್ತಗೆ, ಮಗುಚೋ ಭಯವೂ ತುಸು ಕಮ್ಮಿ ಅನ್ನೋ ಲೆಕ್ಕ. ಆದರೆ ಕಮ್ಮಿ ಗಾಳಿಯ ಟೈರು ಸುತ್ತುಸುತ್ತಿಗೂ ಹೆಚ್ಚು ಬಾಗುತ್ತೆ, ಬಾಗಿದಷ್ಟೂ ಬಿಸಿಯಾಗುತ್ತೆ. ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುತ್ತಿರುವಾಗಲೇ ಕಿತ್ತು ಬಂತು. 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರು ವಾಪಸ್. ಆ ಟೈರುಗಳಿಗೆ ತಳುಕು ಹಾಕಿಕೊಂಡ ಸಾವುಗಳು 270ಕ್ಕೂ ಹೆಚ್ಚು. ಟೈರಿನವರು ಗಾಡಿಯ ಕಡೆ ಬೆರಳು ತೋರಿಸಿದರು, ಗಾಡಿಯವರು ಟೈರಿನ ಕಡೆ. 2001ರಲ್ಲಿ ಎರಡು ಕಂಪನಿಗಳ ಸುಮಾರು 95 ವರ್ಷದ ಸಂಬಂಧವೇ ಮುರಿದುಬಿತ್ತು. ಟ್ರೇಲರ್ ಬಾಡಿಗೆ ಕೊಡೋ ಯು-ಹಾಲ್ ಕಂಪನಿಯಂತೂ ಎಕ್ಸ್‌ಪ್ಲೋರರ್ ತಂದವರಿಗೆ 2003ರ ಕೊನೆಯಲ್ಲಿ ಟ್ರೇಲರ್ ಕೊಡೋದನ್ನೇ ನಿಲ್ಲಿಸಿತು, ಕೋರ್ಟ್ ಕೇಸುಗಳ ಖರ್ಚು ತಾಳಲಾರದೆ.

ಆ ರಗಳೆಯಿಂದ ಒಂದು ಕಾನೂನು ಬಂತು. ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಮ್ಮಿಯಾದರೆ ಹೊತ್ತಿಕೊಳ್ಳೋ ದೀಪ ಕಡ್ಡಾಯವಾಯ್ತು. ಅದನ್ನ ನಂಬಿ ಈಗ ಯಾರೂ ಗೇಜ್ ಮುಟ್ಟೋದೇ ಇಲ್ಲ. ಆದರೆ ನಿಯಮದ ಪ್ರಕಾರ ಆ ದೀಪ ಹೊತ್ತಬೇಕಾದ್ದು ಹೇಳಿದ ಒತ್ತಡಕ್ಕಿಂತ ಕಾಲುಭಾಗ ಕಮ್ಮಿಯಾದಾಗ. 35 ಇರಬೇಕಾದ ಟೈರು ಎಷ್ಟಕ್ಕಿಳಿದರೆ ಅದು ಹೊತ್ತಬೇಕು? ಲೆಕ್ಕ ಹಾಕಿ: ಸುಮಾರು 26. ಮತ್ತೆ ಅದೇ ಸಂಖ್ಯೆ! 28ರಲ್ಲಿ ಟ್ರೇಲರ್ ಕಟ್ಟಿಕೊಂಡು ಹೊರಟವನಿಗೆ ದೀಪ ಏನೂ ಹೇಳದೇ ಇರಬಹುದು.

"ಸರಿ, ಹಾಗಾದ್ರೆ ಟೈರು ಕಲ್ಲಾಗೋವರೆಗೆ ತುಂಬಿಸ್ತೀವಿ" ಅನ್ನಬೇಡಿ. ಸೈಡ್‌ವಾಲ್ ಮೇಲೆ ಬರೆದಿರೋ ಗರಿಷ್ಠ ಮಿತಿ ದಾಟಬಾರದು. ಬರೀ ಮುಂದಿನ ಟೈರು ಬಿಗಿಯಾಗಿಸಿ ಹಿಂದಿನದನ್ನ ಮೆತ್ತಗೆ ಬಿಟ್ಟರೆ ಇನ್ನೂ ಕೆಟ್ಟದ್ದು. ಭಾರ ಬೀಳೋದೇ ಹಿಂದೆ. ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಭಾರಕ್ಕೆ ಬೇರೆ ಒತ್ತಡ ಕೊಟ್ಟಿದ್ದರೆ ಅದನ್ನ, ಟೈರು ತಣ್ಣಗಿರುವಾಗ ತುಂಬಿಸಿ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲಿರಲಿ. ತೂಗಾಟ ಶುರುವಾದರೆ ಗಾಡಿಯ ಬ್ರೇಕ್ ಒತ್ತಬೇಡಿ, ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿಯಿರಿ.

ಬೆಂಗಳೂರಲ್ಲಿ ಕೂತು "ನಮ್ಮಲ್ಲಿ ಟ್ರೇಲರ್ ಎಲ್ಲಿ ಬಂತು" ಅಂತ ನಗೋರಿಗೂ ಒಂದು ಮಾತು. ಬಂಕಿನ ಹುಡುಗ "ಎಷ್ಟು ಹಾಕ್ಲಿ ಸಾರ್?" ಅಂದಾಗ ಬಾಯಿಗೆ ಬಂದ ಸಂಖ್ಯೆ ಹೇಳ್ತೀರಲ್ಲ, ಐದು ಜನ, ಡಿಕ್ಕಿ ತುಂಬ ಲಗೇಜು ಹೇರಿಕೊಂಡು ಚಾರ್ಮಾಡಿ ಇಳಿಯುವಾಗ ಆ ಸಂಖ್ಯೆಯೇ ನಿಮ್ಮ ಹಿಂದಿನ ಟೈರು. ಡ್ರೈವರ್ ಬಾಗಿಲು ತೆರೆದರೆ ಅಲ್ಲೊಂದು ಸ್ಟಿಕ್ಕರ್ ಕಾಣುತ್ತೆ, ಓದಿ.

ಕಂಪನಿಗಳಿಗೆ ಕೇಳಬೇಕಾದ್ದೂ ಹೆಚ್ಚೇನಲ್ಲ. 5,000 ಪೌಂಡ್ ಅಂತ ದಪ್ಪಕ್ಷರದಲ್ಲಿ ಅಚ್ಚುಹಾಕೋ ಜಾಗದಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ, ಅದನ್ನ ಯಾವ ಟೈರಲ್ಲಿ, ಎಷ್ಟು ಗಾಳಿಯಲ್ಲಿ, ಯಾವ ವೇಗದವರೆಗೆ ಎಳೆಯಬಹುದು ಅಂತಲೂ ಹಾಕಲಿ. ಹಾಕಲ್ಲ ಅಂದ್ರೆ, ಅವರು ಮಾರ್ತಿರೋದು ಅರ್ಧ ಗಾಡಿ.