ಶೋಕವು ಬೇಡಿಕೆಯಾಗಬೇಕು



ಸಂಶೋಧಕ ಎಂ. ಎಂ. ಕಲಬುರ್ಗಿಯವರು ಧಾರವಾಡದ ಕಲ್ಯಾಣನಗರದ ಸ್ವಗೃಹದಲ್ಲಿಯೇ ಗುಂಡಿಗೆ ಬಲಿಯಾದ 2015ರ ಆಗಸ್ಟ್ 30ರ ಮುಂಜಾವವನ್ನು ಕನ್ನಡ ವಾಙ್ಮಯದಲ್ಲಿ ಆಸ್ಥೆಯುಳ್ಳವರಾರೂ ಮರೆಯಲಾರರು. ವರ್ಷಕ್ಕೊಮ್ಮೆ ಸ್ಮರಣಸಭೆಗಳು ಜರುಗುತ್ತವೆ, ಜರುಗತಕ್ಕದ್ದೇ. ಆದರೆ ಅದಕ್ಕಿಂತ ಮನನೀಯವಾದುದು ಆ ಮನೆಯ ದುಃಖವು ಮುಂದೆ ಹಿಡಿದ ಮಾರ್ಗ. ತನಿಖೆಯು ವರ್ಷಗಟ್ಟಲೆ ಒಂದೆಡೆಯೇ ನಿಂತಿರಲು, ಪತ್ನಿ ಉಮಾದೇವಿಯವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅಷ್ಟರಲ್ಲಿ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರೂ ತಮ್ಮ ಮನೆಯ ಮುಂದೆಯೇ ಹತರಾಗಿದ್ದರು. ಗೌರಿಯವರ ಹತ್ಯೆಯನ್ನು ಶೋಧಿಸುತ್ತಿದ್ದ ವಿಶೇಷ ತನಿಖಾದಳಕ್ಕೇ ಕಲಬುರ್ಗಿ ಪ್ರಕರಣವನ್ನೂ ಒಪ್ಪಿಸಿ, ಅದನ್ನು ಹೈಕೋರ್ಟಿನ ಧಾರವಾಡ ಪೀಠದ ಮೇಲ್ವಿಚಾರಣೆಗೆ ಒಳಪಡಿಸಿ ನ್ಯಾಯಾಲಯವು ಆದೇಶವಿತ್ತದ್ದು 2019ರ ಫೆಬ್ರುವರಿ 26ರಂದು. ಅದೇ ವರ್ಷದ ಆಗಸ್ಟಿನಲ್ಲಿ ದೋಷಾರೋಪಪಟ್ಟಿ ಸಿದ್ಧವಾಯಿತು. ಎರಡು ಹತ್ಯೆಗಳಲ್ಲಿಯೂ ಬಳಕೆಯಾದದ್ದು ಒಂದೇ ನಾಡಪಿಸ್ತೂಲು ಎಂಬುದು ಆ ದಳದ ನಿಲವು. ಕಣ್ಣೀರಿಗೆ ಉತ್ತರ ಕೊಡಬೇಕಾದ ಬಾಧ್ಯತೆ ಯಾವ ಪ್ರಭುತ್ವಕ್ಕೂ ಇಲ್ಲ. ಅರ್ಜಿಗೆ ಉತ್ತರ ಕೊಡಬೇಕಾದ ಬಾಧ್ಯತೆ ಮಾತ್ರ ಉಂಟು.

ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಸಣ್ಣ ಊರಿನ ಶಾಲೆಯಲ್ಲಿ 1996ರ ಮಾರ್ಚ್ 13ರಂದು ಹದಿನಾರು ಮಕ್ಕಳೂ ಒಬ್ಬ ಶಿಕ್ಷಕಿಯೂ ಗುಂಡೇಟಿನಿಂದ ಮಡಿದಾಗ, ಸಂತಪ್ತ ಜನರು ಕೇಳಿದ್ದು ಒಂದನ್ನೇ: ಖಾಸಗಿ ಕೈಗಳಲ್ಲಿ ಪಿಸ್ತೂಲು ಇರಬಾರದು. ಮಾರ್ಚಿನಲ್ಲಿ ಅರಳುವ ಸ್ನೋಡ್ರಾಪ್ ಹೂವಿನ ಹೆಸರಿನ ಆ ಮನವಿಗೆ ಏಳು ಲಕ್ಷಕ್ಕೂ ಮಿಕ್ಕಿ ಜನ ಸಹಿ ಹಾಕಿದರು. 1997ರಲ್ಲಿ ಬ್ರಿಟನ್ನಿನ ಶಾಸನವೇ ಬದಲಾಯಿತು. ಅಷ್ಟು ದೂರ ಹೋಗುವ ಅಗತ್ಯವೂ ನಮಗಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯ ಜನರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ, ಕಾಡು ಬರಿದಾಗುತ್ತಿದೆಯೆಂಬ ಅವರ ಸಂಕಟವು ಹಸಿರುಮರ ಕಡಿಯಬೇಡಿರಿ ಎಂಬ ಸ್ಪಷ್ಟ ವಾಕ್ಯವಾಗಿ ಪರಿಣಮಿಸಿತ್ತು.

ಇಷ್ಟು ಬಲ್ಲ ನಾಡು ಕೋವಿಯ ಸಾವಿನ ವಿಷಯದಲ್ಲಿ ಮಾತ್ರ ಮೂಕವಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗನಿಗೆ ಕೋವಿ ಶೋಕಿಯ ವಸ್ತುವಲ್ಲ. ಮಂಗ, ಹಂದಿಗಳಿಂದ ಫಸಲನ್ನು ಕಾಯುವ ಸಾಧನ. 1959ರ ಶಸ್ತ್ರಾಸ್ತ್ರ ಕಾಯಿದೆಯೇ ಬೆಳೆರಕ್ಷಣೆಯ ಕೇಪಿನ ಕೋವಿಗೆ ಅವಕಾಶವಿತ್ತಿದೆ. ಚುನಾವಣೆ ಬಂದಾಗ ಆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾದ ಕೃಷಿಕನ ಕಷ್ಟವನ್ನು ನಾವು ಸಭೆ ಸಭೆಯಲ್ಲಿ ಆಡುತ್ತೇವೆ. ಆದರೆ ರಾತ್ರಿಯ ಬೇಟೆಯಲ್ಲಿ ಜೊತೆಗಾರನನ್ನೇ ಮೃಗವೆಂದು ಬಗೆದು ಈಡು ಹೊಡೆದ ವಾರ್ತೆ ಮಲೆನಾಡಿಗೆ ಹೊಸತಲ್ಲವಾದರೂ, "ಅಕಸ್ಮಾತ್ ಆದದ್ದು, ಹಣೆಬರಹ" ಎಂಬ ಮಾತಿನೊಡನೆ ಅದು ಆ ಮನೆಯೊಳಗೇ ಮುಗಿಯುತ್ತದೆ. 2025ರಲ್ಲಿ ಶಿರಸಿ ತಾಲೂಕಿನಲ್ಲಿಯೇ, ಮಂಗಗಳನ್ನು ಓಡಿಸಲೆಂದು ಇರಿಸಿದ್ದ ಏರ್‌ಗನ್ನಿನಿಂದ ಬಾಲಕನೊಬ್ಬ ಅಸುನೀಗಿದ. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಗಿಯ ಕಟ್ಟುಪಾಡಿಲ್ಲವೆಂಬುದು ನಮ್ಮಲ್ಲಿ ಎಷ್ಟು ಜನರನ್ನು ಚಿಂತೆಗೀಡುಮಾಡಿತು?

ಧಾರವಾಡದಲ್ಲಾದದ್ದು ಹತ್ಯೆ, ಇಲ್ಲಿಯದು ಅನವಧಾನ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಕೋವಿ ಹಿಡಿದಾತನನ್ನು ಜರೆಯುವುದೂ ಸಲ್ಲದು. ಅನೇಕ ವೇಳೆ ಅವನೇ ಆ ಮನೆಯ ಅತ್ಯಂತ ದುಃಖಿ. ಆದರೆ ದೈವದ ಮೇಲೆ ಹೊರಿಸಿದ ಸಾವಿನಿಂದ ಮುಂದಿನ ಸಾವು ತಪ್ಪುವುದಿಲ್ಲ.

ನಾವು ಕೇಳಬೇಕಾದುದು ದೊಡ್ಡದೇನಲ್ಲ. ಕೋವಿಯನ್ನು ಸುರಕ್ಷಿತವಾಗಿ ಇರಿಸುವ ಹೊಣೆಯನ್ನು 2016ರ ನಿಯಮಾವಳಿಯು ಪರವಾನಗಿದಾರನ ಮೇಲೆ ಹೊರಿಸಿದೆ; ಅದು ಕಾಗದದಿಂದ ಮನೆಗೆ ಇಳಿಯಲಿ. ಈಡು ತುಂಬಿದ ಕೋವಿ ಮನೆಯೊಳಗೆ ಬಾರದಿರಲಿ. ಕೋವಿಗೆ ಬೀಗವೂ, ತೋಟೆ ಮತ್ತು ಮದ್ದಿಗೆ ಬೇರೆ ಸ್ಥಳವೂ ಇರಲಿ. ಏರ್‌ಗನ್ ಆಟಿಕೆಯಲ್ಲವೆಂಬ ತಿಳಿವಳಿಕೆ ಶಾಲೆ ಶಾಲೆಗೂ ಮುಟ್ಟಲಿ, ಅದರ ಮಾರಾಟಕ್ಕೆ ಸರಕಾರವು ನಿಯಮ ವಿಧಿಸಲಿ. ಮಂಗಗಳ ಹಾವಳಿಗೆ ಕೋವಿಯಲ್ಲದ ಪರಿಹಾರವನ್ನೂ ಅರಣ್ಯ ಇಲಾಖೆಯಿಂದ ಇದೇ ಉಸಿರಿನಲ್ಲಿ ಕೇಳೋಣ.

ಮೂರೂ ತಾಲೂಕುಗಳ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮೂರಿನ ಸೇವಾ ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿಯೋ ಗ್ರಾಮಸಭೆಯಲ್ಲಿಯೋ ಈ ಬೇಡಿಕೆಗಳನ್ನು ಮಂಡಿಸಿ, ಠರಾವು ಮಾಡಿಸಿ, ಜಿಲ್ಲಾಧಿಕಾರಿಗಳಿಗೆ ಕಳುಹಿಸಿರಿ.

— ಸಂಪಾದಕ