ಕೊರಳಿನ ಭಾರ

ಕಳೆದ ತಿಂಗಳು ಮಳೆಗಾಲದಲ್ಲಿ ಪುಸ್ತಕಗಳನ್ನು ಕಾಪಾಡುವ ವಿಷಯವಾಗಿ ಈ ಪುಟಗಳಲ್ಲಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನು ಓದಿದ ಗೃಹಸ್ಥರೊಬ್ಬರು ನನಗೊಂದು ಕಾಗದ ಬರೆದಿದ್ದಾರೆ. ನಿವೃತ್ತಿಯ ಕಾಲಕ್ಕೆ ಅವರ ಮಕ್ಕಳು ಒಂದು ಕ್ಯಾಮರಾ ತೆಗೆದುಕೊಟ್ಟರಂತೆ. ಅದನ್ನು ಕೊರಳಿಗೆ ಹಾಕಿಕೊಂಡು ಒಂದು ಹೊತ್ತು ತಿರುಗಿದರೆ ರಾತ್ರಿಯೆಲ್ಲ ಕತ್ತು ನೋಯುತ್ತದಂತೆ. “ಪುಸ್ತಕಕ್ಕೆ ಹುಳು ಹಿಡಿಯದಂತೆ ಉಪಾಯ ಹೇಳಿದಿರಿ, ಕೊರಳಿಗೆ ಉರುಳು ಬೀಳದಂತೆ ಉಪಾಯ ಹೇಳಬಲ್ಲಿರಾ?” ಎಂದು ಅವರ ಪ್ರಶ್ನೆ. ಈ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೆ ಪೆಟ್ಟು ತಿಂದವನು. ಪೆಟ್ಟು ತಿಂದವನ ಮಾತಿಗೂ ಸ್ವಲ್ಪ ಬೆಲೆಯುಂಟೆಂದು ನಂಬಿ ಬರೆಯುತ್ತಿದ್ದೇನೆ.

ನನಗೂ ಕ್ಯಾಮರಾ ಬಂದದ್ದು ನಿವೃತ್ತಿಯ ಮೇಲೆಯೇ. ಶಾಲೆಯಲ್ಲಿದ್ದಷ್ಟು ಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ಕಳೆದವನು, ಬಿಡುವಾದ ಮೇಲೆ ನಮ್ಮ ಸೀಮೆಯ ವೀರಗಲ್ಲುಗಳ ಚಿತ್ರ ತೆಗೆಯಬೇಕೆಂದು ಸಂಕಲ್ಪಿಸಿದೆ. ಊರನ್ನು ಕಾಯಲು ಹೋಗಿ ಮಡಿದವರ, ತುರುಗಳನ್ನು ಬಿಡಿಸಲು ಹೋಗಿ ಬಿದ್ದವರ ಕಲ್ಲುಗಳು ಕರ್ಣಾಟಕದಲ್ಲಿ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಹಿಂದೆ ಎಲ್ಲೆಂದರಲ್ಲಿ ನಿಂತಿವೆ. ಅವುಗಳ ಮೇಲಿನ ಅಕ್ಷರವೂ ಕೆತ್ತನೆಯೂ ನೆತ್ತಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ, ಬೆಳಕು ಪಕ್ಕದಿಂದ ಬಿದ್ದು ಗೀರುಗೀರಿನಲ್ಲಿಯೂ ನೆರಳು ನಿಂತಾಗಲೇ ಕಾಣುತ್ತವೆ. ಆದಕಾರಣ ನಸುಕಿನಲ್ಲಿ ಹೊರಟು ಮೈಲಿಗಟ್ಟಲೆ ನಡೆಯಬೇಕು. ಮೊದಲ ಆರು ತಿಂಗಳು ಕ್ಯಾಮರಾದ ಸಂಗಡ ಪೆಟ್ಟಿಗೆಯಲ್ಲಿಯೇ ಬಂದಿದ್ದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ತಿರುಗಿದೆ. ಕತ್ತು ನೊಂದಿತು, ವಯಸ್ಸಾಯಿತೆಂದುಕೊಂಡೆ. ಆಮೇಲೆ ಎಡಗೈಯ ಎರಡು ಬೆರಳು ಜೋಮು ಹಿಡಿಯತೊಡಗಿದವು. ವೈದ್ಯರು ಪರೀಕ್ಷೆಮಾಡಿ, ಎರಡು ತಿಂಗಳು ಕೊರಳಿಗೆ ಏನನ್ನೂ ತೂಗುಹಾಕಕೂಡದೆಂದು ಕಟ್ಟಪ್ಪಣೆ ಮಾಡಿದರು. ಹಾಗೆಯೇ ನಡೆದುಕೊಂಡೆ. ಎರಡು ತಿಂಗಳ ಮೇಲೆ, ‘ಮುಂದಿನ ಸಲ ತೆಗೆದರಾಯಿತು’ ಎಂದು ಬಿಟ್ಟಿದ್ದ ಒಂದು ಕಲ್ಲಿನ ಬಳಿಗೆ ಹೋದರೆ, ಅಲ್ಲಿ ಕಲ್ಲಿರಲಿಲ್ಲ; ಅದು ನಿಂತಿದ್ದ ಕುಳಿ ಮಾತ್ರವಿತ್ತು. ಹೊಲವನ್ನು ಮಟ್ಟಮಾಡಿದ್ದರು. ಕಲ್ಲು ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಿಲ್ಲ. ಅದರ ಮೇಲೆ ಮೂರು ಸಾಲು ಬರಹವಿತ್ತು. ಅದರಲ್ಲಿ ಒಂದು ಸಾಲನ್ನು ಮಾತ್ರ ನಾನು ಓದಿದ್ದೆ. ಅಂದಿನಿಂದ ಈ ಪಟ್ಟಿಯ ವಿಷಯ ನನಗೆ ಸಣ್ಣದಾಗಿ ಕಾಣುವುದಿಲ್ಲ.

ಮೊದಲು ನೋವಿನ ಕಾರಣವನ್ನು ತಿಳಿಯೋಣ. ಕ್ಯಾಮರಾಗಳಲ್ಲಿ ಭಾರಿಯವೂ ಹಗುರವಾದವೂ ಉಂಟು. ನಿಕಾನ್ ಡಿ-೮೫೦ ಎಂಬುದು ಬ್ಯಾಟರಿ ಸಹಿತವಾಗಿ ಒಂದು ಕಿಲೋಗ್ರಾಮ್ ತೂಗುತ್ತದೆ. ಅದಕ್ಕೆ ಒಳ್ಳೆಯದೊಂದು ಲೆನ್ಸನ್ನು ಕೂಡಿಸಿದರೆ ಎರಡು ಕಿಲೋಗ್ರಾಮಿಗೆ ಮೀರುತ್ತದೆ. ಫ್ಯೂಜಿಫಿಲ್ಮ್ ಎಕ್ಸ್-೧೦೦ವಿ ಎಂಬುದೋ ಎಲ್ಲ ಸೇರಿ ೪೭೮ ಗ್ರಾಮ್. ಎರಡು ಕಿಲೋಗ್ರಾಮ್ ಎಂದರೇನು ಮಹಾ, ತುಂಬಿದ ಕೊಡ ಹೊತ್ತ ಜನ ನಾವು ಎಂದು ಯಾರಾದರೂ ನಗಬಹುದು. ಕೊಡ ತಲೆಯ ಮೇಲಿದ್ದಾಗ ಅದರ ಭಾರ ಬೆನ್ನೆಲುಬಿನ ಮೇಲೆ ನೆಟ್ಟಗೆ ಇಳಿಯುತ್ತದೆ. ಕೊರಳಿನಿಂದ ಎದೆಯ ಮುಂದೆ ತೂಗುವ ವಸ್ತು ಹಾಗಲ್ಲ. ಅದು ಕತ್ತನ್ನು ಎಡೆಬಿಡದೆ ಮುಂದಕ್ಕೆ ಎಳೆಯುತ್ತದೆ. ಕತ್ತಿನಿಂದ ಹೆಗಲಿಗೆ ಹರಡಿರುವ ಸ್ನಾಯುಗಳು ಆ ಎಳೆತಕ್ಕೆ ಎದುರಾಗಿ ಬಿಗಿದುಕೊಂಡೇ ಇರಬೇಕಾಗುತ್ತದೆ. ನಾವು ನಿಂತು ಮಾತನಾಡುತ್ತಿದ್ದರೂ ಅವಕ್ಕೆ ರಜವಿಲ್ಲ. ನಡೆಯುವಾಗಲಂತೂ ಹೆಜ್ಜೆಹೆಜ್ಜೆಗೂ ಭಾರ ಎಗರಿ ಬಿದ್ದು ಜಗ್ಗುತ್ತದೆ.

ಇನ್ನು ಒತ್ತಡದ ಲೆಕ್ಕ. ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತಿಗೆ ಇಪ್ಪತ್ತು ಸೆಂಟಿಮೀಟರ್ ಉದ್ದಕ್ಕೆ ತಗುಲಿದೆಯೆಂದಿಟ್ಟುಕೊಳ್ಳಿ. ಎರಡು ಕಿಲೋಗ್ರಾಮ್ ಭಾರವನ್ನು ಇಪ್ಪತ್ತು ಚದರ ಸೆಂಟಿಮೀಟರ್ ಚರ್ಮ ಹೊರಬೇಕು. ಒಂದೊಂದು ಚದರಕ್ಕೆ ೧೦೦ ಗ್ರಾಮ್ ಬಿತ್ತು. ಅದೇ ಪಟ್ಟಿ ನಾಲ್ಕು ಸೆಂಟಿಮೀಟರ್ ಅಗಲವಿದ್ದರೆ ೨೫ ಗ್ರಾಮ್ ಮಾತ್ರ. ಹಾಗೆಂದು ಎಂಟು ಸೆಂಟಿಮೀಟರಿನ ಪಟ್ಟಿ ಇನ್ನೂ ಒಳ್ಳೆಯದೆಂದು ತಿಳಿಯಬೇಡಿ. ಕತ್ತು ಹಲಗೆಯಲ್ಲ, ಅದಕ್ಕೆ ಬಾಗು ಇದೆ. ಅತಿ ಅಗಲವಾದ ಬಿರುಸು ಪಟ್ಟಿ ಆ ಬಾಗಿಗೆ ಒಗ್ಗದೆ ಒಂದು ಅಂಚಿನ ಮೇಲೆಯೇ ನಿಲ್ಲುತ್ತದೆ. ಆ ಅಂಚು ಕೊಯ್ಯುತ್ತದೆ. ನಾಲ್ಕರಿಂದ ಐದು ಸೆಂಟಿಮೀಟರ್ ಅಗಲ, ಮಡಿಸಿದರೆ ಬಾಗುವ ಮೃದುತ್ವ, ಅಂಚಿನಲ್ಲಿ ಗಟ್ಟಿಯಾದ ಹೊಲಿಗೆ ಇಲ್ಲದಿರುವುದು, ಇವನ್ನು ನೋಡಿ ಕೊಳ್ಳತಕ್ಕದ್ದು.

ಅಗಲಕ್ಕಿಂತಲೂ ಮುಖ್ಯವಾದದ್ದು ಧರಿಸುವ ಕ್ರಮ. ಇಲ್ಲಿ ನನ್ನ ಹಳೆಯ ಪಾಠಗಳು ನೆನಪಿಗೆ ಬಂದು ನಗು ಬಂದಿತು. ಎಡಹೆಗಲಿನಿಂದ ಬಲಗಂಕುಳಿನ ಕೆಳಗೆ ಇಳಿದರೆ ಉಪವೀತ; ಬಲಹೆಗಲಿನಿಂದ ಎಡಕ್ಕೆ ಇಳಿದರೆ ಪ್ರಾಚೀನಾವೀತ; ಕೊರಳಿನಿಂದ ಮಾಲೆಯಂತೆ ತೂಗಿದರೆ ನಿವೀತ. ಕ್ಯಾಮರಾದ ಪಟ್ಟಿಗೂ ಇರುವುದು ಇವೇ ಮೂರು ಗತಿ. ನಿವೀತವು ಮನುಷ್ಯಕಾರ್ಯಕ್ಕೆ ವಿಹಿತವೆಂದು ಓದಿದ್ದುಂಟು. ಆದರೆ ಮನುಷ್ಯನ ಕತ್ತಿಗೆ ಅದು ಹಿತವಲ್ಲವೆಂಬುದನ್ನು ನಾನು ಅನುಭವದಿಂದ ಕಲಿತೆ. ಕ್ಯಾಮರಾದ ಹಿಡಿಯೂ ಗುಂಡಿಯೂ ಬಲಗೈಗೆ ಇರುವುದರಿಂದ ಉಪವೀತಕ್ರಮವೇ ಉತ್ತಮ. ಭಾರವು ಕತ್ತನ್ನು ಬಿಟ್ಟು ಹೆಗಲಿಗೆ ಹೋಗುತ್ತದೆ. ಕ್ಯಾಮರಾ ಬಲಸೊಂಟದ ಬಳಿ, ಕೈಯಿಳಿಬಿಟ್ಟರೆ ಸಿಕ್ಕುವಂತೆ ತೂಗುತ್ತದೆ. ಒಂದು ಹೆಗಲು ದಣಿದಾಗ ಅರ್ಧ ಗಂಟೆ ಇನ್ನೊಂದಕ್ಕೆ ಬದಲಾಯಿಸಬಹುದು. ಹೀಗೆ ಅಡ್ಡವಾಗಿ ಹಾಕಿಕೊಳ್ಳಲೆಂದೇ ಮಾಡಿದ ಉದ್ದನೆಯ ಪಟ್ಟಿಗಳು ಈಗ ಅಂಗಡಿಗಳಲ್ಲಿ ಯಥೇಚ್ಛವಾಗಿ ದೊರೆಯುತ್ತವೆ. ಕೆಲವುದರಲ್ಲಿ ಪಟ್ಟಿ ಹೆಗಲ ಮೇಲೆಯೇ ನಿಂತಿದ್ದು, ಕ್ಯಾಮರಾ ಮಾತ್ರ ಒಂದು ಕೊಂಡಿಯ ಮೇಲೆ ಜಾರಿ ಕಣ್ಣಿಗೆ ಏರುವ ಏರ್ಪಾಡುಂಟು. ಇದು ಬಹಳ ಅನುಕೂಲ.

ಇದರಲ್ಲಿಯೂ ಒಂದು ದೋಷವುಂಟು. ಬಗ್ಗಿದರೆ ಕ್ಯಾಮರಾ ಗಡಿಯಾರದ ಲೋಲಕದಂತೆ ಮುಂದಕ್ಕೆ ತೂಗಿಬರುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕಿಂತ ಹೆಚ್ಚು ಮೆಟ್ಟಿಲುಗಳು, ಬಂಡೆಯಲ್ಲಿಯೇ ಕಡಿದವು. ಬರಿಗಾಲಿನಲ್ಲಿ ಏರುತ್ತ ನಾನು ಒಂದೆಡೆ ದಣಿದು ಬಗ್ಗಿದಾಗ ಲೆನ್ಸು ಟಣ್ಣೆಂದು ಕಲ್ಲಿಗೆ ತಗುಲಿತು. ಪುಣ್ಯಕ್ಕೆ ಅದರ ಮುಂದಿನ ಬಳೆ ಮಾತ್ರ ಸೊಟ್ಟಗಾಯಿತು. ಮೆಟ್ಟಿಲು ಹತ್ತುವಾಗ ಪಟ್ಟಿಯನ್ನು ಬಿಗಿಮಾಡಿಕೊಂಡು ಬಲಗೈಯನ್ನು ಕ್ಯಾಮರಾದ ಮೇಲಿಟ್ಟಿರಬೇಕು.

ಎರಡು ಹೆಗಲಿಗೂ ಸಮನಾಗಿ ಭಾರ ಹಂಚುವ ಜೋಡಿಪಟ್ಟಿಗಳೂ ಇವೆ. ಮದುವೆಮನೆಗಳಲ್ಲಿ ಎರಡೆರಡು ಕ್ಯಾಮರಾ ಹೊತ್ತು ದಿನವಿಡೀ ಓಡಾಡುವವರಿಗೆ ಅವು ಬೇಕು. ನಮ್ಮಂಥವರಿಗೆ ಅವನ್ನು ತೊಡುವುದೇ ಒಂದು ವ್ಯಾಯಾಮ. ಬೇಸಗೆಯಲ್ಲಿ ಬೆನ್ನು ಬೆವರಿ ಹೋಗುತ್ತದೆ. ಅರ್ಧ ಕಿಲೋಗ್ರಾಮಿನೊಳಗಿನ ಸಣ್ಣ ಕ್ಯಾಮರಾಕ್ಕಾದರೆ ಮಣಿಕಟ್ಟಿನ ಕುಣಿಕೆಯೊಂದೇ ಸಾಕು.

ನಮ್ಮ ಮನೆಯ ಹೆಣ್ಣುಮಕ್ಕಳು ಇದನ್ನು ಓದಿ, ಗಂಡಸರ ಅನುಭವವನ್ನಷ್ಟೇ ಬರೆದರೆ ಸಾಲದೆಂದು ಆಕ್ಷೇಪಿಸಿದರು. ಕರಿಮಣಿಸರವೂ ಕೊರಳಪಟ್ಟಿಯೂ ಒಂದಕ್ಕೊಂದು ತೊಡರಿಕೊಂಡು ಸರ ಹರಿದದ್ದುಂಟಂತೆ; ಜಡೆಯ ಕೂದಲು ಬಕಲಿನಲ್ಲಿ ಸಿಕ್ಕುತ್ತದಂತೆ; ಎದೆಗೆ ಅಡ್ಡವಾಗಿ ಬಿಗಿಯುವ ಜೋಡಿಪಟ್ಟಿ ಅವರಿಗೆ ಸರ್ವಥಾ ಒಗ್ಗದಂತೆ. ಕೊಂಡಿ ಬಕಲುಗಳೆಲ್ಲ ಹೆಗಲಿನಿಂದ ಕೆಳಗೆ, ಸೊಂಟದ ಬಳಿಯಲ್ಲಿರುವ ಸಪೂರವಾದ ಮೆತ್ತನೆಯ ಅಡ್ಡಪಟ್ಟಿಯೇ ತಮಗೆ ಅನುಕೂಲವೆಂದು ಸೊಸೆಯ ತೀರ್ಮಾನ. ಈ ಮಾತನ್ನು ಯಾವ ಅಂಗಡಿಯವನೂ ನನಗೆ ಹೇಳಿರಲಿಲ್ಲ.

ಪಟ್ಟಿಯ ದ್ರವ್ಯವನ್ನು ಕುರಿತು ಸ್ವಲ್ಪ ಹೇಳಬೇಕು. ೧೯೨೫ರಲ್ಲಿ ಜರ್ಮನಿಯ ಲೈಕಾ ಕ್ಯಾಮರಾ ಮಾರಾಟಕ್ಕೆ ಬಂದಾಗ ಅದಕ್ಕೆ ಪಟ್ಟಿ ಸಿಕ್ಕಿಸುವ ಕಿವಿಗಳೇ ಇರಲಿಲ್ಲ. ತೊಗಲಿನ ಚೀಲದಲ್ಲಿಟ್ಟು ಚೀಲವನ್ನು ತೂಗುಹಾಕಿಕೊಳ್ಳಬೇಕಾಗಿತ್ತು. ೧೯೩೩ರ ಮಾದರಿಯಲ್ಲಿ ಕಿವಿಗಳು ಬಂದವು. ತೊಗಲಿನ ಪಟ್ಟಿ ನೋಡಲು ಗಂಭೀರ, ಬಳಸಿದಷ್ಟೂ ಮೆತ್ತಗಾಗುತ್ತದೆ. ಆದರೆ ಮಲೆನಾಡಿನ ಆಷಾಢದಲ್ಲಿ ಅದಕ್ಕೆ ಬೂಷ್ಟು ಬರುವುದು ನಿಶ್ಚಯ. ನೈಲಾನಿನ ನೇಯ್ಗೆ ಗಟ್ಟಿ, ಆದರೆ ಬರಿಯ ಚರ್ಮಕ್ಕೆ ಉರಿ. ೧೯೩೧ರಲ್ಲಿ ಪ್ರಕಟವಾದ ನಿಯೋಪ್ರೀನ್ ಎಂಬ ಕೃತಕ ರಬ್ಬರಿನಿಂದ ಮಾಡಿದ ಪಟ್ಟಿ ಹಿಗ್ಗುತ್ತದೆ; ಆದುದರಿಂದ ನಡೆಯುವಾಗಿನ ಜಗ್ಗು ತಗ್ಗಿ, ಕ್ಯಾಮರಾ ಹಗುರವಾದಂತೆ ತೋರುತ್ತದೆ. ತೂಕ ಕಡಿಮೆಯಾಗಿರುವುದಿಲ್ಲ; ಪೆಟ್ಟು ಮಾತ್ರ ಮೆತ್ತಗಾಗಿರುತ್ತದೆ. ಅತಿಯಾಗಿ ಹಿಗ್ಗಿದರೆ ಕ್ಯಾಮರಾ ಮಗುವಿನ ತೊಟ್ಟಿಲಿನಂತೆ ಕುಣಿಯುತ್ತದೆ. ಅದು ಬೆವರನ್ನು ಹೀರುವುದೂ ಇಲ್ಲ. ಬಯಲುಸೀಮೆಯ ಚೈತ್ರ ವೈಶಾಖಗಳಲ್ಲಿ ಬರಿಗತ್ತಿಗೆ ತಗುಲಿದರೆ ಬೆವರುಸಾಲೆ ಏಳುತ್ತದೆ. ಒಳಮೈಗೆ ರಬ್ಬರು ಬಳಿದ ಪಟ್ಟಿ ಒಂದೇ ಹೆಗಲಿಗೆ ನೇತುಹಾಕುವವರಿಗೆ ಜಾರದಂತೆ ಒಳ್ಳೆಯದು. ಅಡ್ಡಹಾಕುವವರಿಗೆ ಜುಬ್ಬವನ್ನೇ ಹಿಡಿದೆಳೆಯುತ್ತದೆ. ದಪ್ಪ ಹತ್ತಿಯ ಪಟ್ಟಿ ಮೆತ್ತಗೆ, ಒಗೆಯಬಹುದು. ನನ್ನ ಒಲವು ಅದರ ಕಡೆಗೆ. ಇನ್ನು ತಯಾರಕರು ತಮ್ಮ ಹೆಸರನ್ನು ಹಳದಿ ಕೆಂಪು ದಾರದಿಂದ ಇಷ್ಟಗಲ ಕಸೂತಿ ಹಾಕಿರುತ್ತಾರಷ್ಟೆ. ಸಾವಿರಾರು ರೂಪಾಯಿ ಕೊಟ್ಟು ಅವರ ಜಾಹೀರಾತನ್ನು ನಾವೇ ಹೊತ್ತು ತಿರುಗುವುದು ಏತಕ್ಕೋ ತಿಳಿಯದು. ಸಂತೆಯಲ್ಲಿ ಕಳ್ಳನಿಗೂ ಅದು ಚೆನ್ನಾಗಿ ಓದಿಸುತ್ತದೆ.

ಈಗ ನಮ್ಮ ಮನೆಯ ಉಪಾಯ. ಉತ್ತರ ಕರ್ಣಾಟಕದ ಕಡೆ ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಒತ್ತಾಗಿ ಹೊಲಿದು ಕೌದಿ ಮಾಡುವುದನ್ನು ವಾಚಕರು ಬಲ್ಲರು. ನನ್ನಾಕೆ ಅದೇ ರೀತಿಯಲ್ಲಿ ಐದು ಸೆಂಟಿಮೀಟರ್ ಅಗಲ, ಮೂವತ್ತೈದು ಸೆಂಟಿಮೀಟರ್ ಉದ್ದದ ಒಂದು ತೋಳನ್ನು ಹೊಲಿದು, ಅಂಗಡಿಯ ನೈಲಾನ್ ಪಟ್ಟಿಯನ್ನು ಅದರೊಳಗೆ ಪೋಣಿಸಿಕೊಟ್ಟಳು. ಭಾರವನ್ನು ಹೊರುವುದು ನೈಲಾನು. ಕೌದಿ ಅದನ್ನು ಹೆಗಲ ಮೇಲೆ ಹರಡುತ್ತದೆ, ಬೆವರನ್ನು ಹೀರುತ್ತದೆ. ವಾರಕ್ಕೊಮ್ಮೆ ಕಳಚಿ ಒಗೆದರಾಯಿತು. ಆದರೆ ಕ್ಯಾಮರಾದ ತೂಕವನ್ನು ಹೊರುವ ಭಾಗವನ್ನು ಮಾತ್ರ ಎಂದಿಗೂ ಮನೆಯ ಸೂಜಿದಾರಕ್ಕೆ ಒಪ್ಪಿಸಬೇಡಿ.

ಏಕೆಂದರೆ ಪಟ್ಟಿ ಎಷ್ಟು ಸುಖವಾಗಿದ್ದರೂ ಅದರ ತುದಿ ಬಿಚ್ಚಿಕೊಂಡರೆ ಎಲ್ಲವೂ ವ್ಯರ್ಥ. ಒಮ್ಮೆ ನಾನು ಪಟ್ಟಿಯ ಕೊನೆಯನ್ನು ಬಕಲಿನಲ್ಲಿ ಒಂದೇ ಸುತ್ತು ತೂರಿಸಿ ಬಿಟ್ಟಿದ್ದೆ. ಅದು ದಿನಕ್ಕೆ ಕೂದಲೆಳೆಯಷ್ಟು ಜಾರುತ್ತ ಬಂದು, ಒಂದು ಸಂಜೆ ಅಂಗಳದಲ್ಲಿ ಕ್ಯಾಮರಾ ನೆಲ ಕಂಡಿತು. ತಪ್ಪು ಸಂಪೂರ್ಣವಾಗಿ ನನ್ನದೇ. ಕಿವಿಯಿಂದ ಹಿಂದಿರುಗಿದ ಕೊನೆಯನ್ನು ಬಕಲಿನ ಒಳಮಗ್ಗುಲಿಗೆ, ಪಟ್ಟಿಯ ಎರಡು ಮಡಿಕೆಗಳ ನಡುವೆ ಬರುವಂತೆ ಮರಳಿ ತೂರಿಸಿ ಎಳೆಯಬೇಕು. ಕೊನೆಗೆ ಐದು ಸೆಂಟಿಮೀಟರಾದರೂ ಬಾಲ ಉಳಿದಿರಬೇಕು. ಆಮೇಲೆ ಎರಡು ಕೈಯಲ್ಲಿಯೂ ಬಲವಾಗಿ ಜಗ್ಗಿ ನೋಡಬೇಕು. ಕ್ಯಾಮರಾದ ಕೆಳಗಿನ ತಿರುಪಿನ ರಂಧ್ರಕ್ಕೆ ಸಿಕ್ಕಿಸುವ ಪಟ್ಟಿಗಳೂ ಇವೆ. ಆ ರಂಧ್ರ ಸಾಮಾನ್ಯವಾಗಿ ಕಾಲು ಅಂಗುಲದ್ದು, ಅಂಗುಲಕ್ಕೆ ಇಪ್ಪತ್ತು ಸುತ್ತು. ನಡೆಯುವ ಅಲುಗಾಟಕ್ಕೆ ಯಾವ ತಿರುಪಾದರೂ ಸಡಿಲವಾಗುತ್ತದೆ. ನಡುವೆ ರಬ್ಬರಿನ ಬಿಲ್ಲೆಯನ್ನಿಟ್ಟು ಬಿಗಿಯಬೇಕು. ಗಂಟೆಗೊಮ್ಮೆ ಬೆರಳಿನಿಂದ ಮುಟ್ಟಿ ನೋಡಬೇಕು. ಕ್ಯಾಮರಾದ ಕಿವಿಗೆ ಇನ್ನೊಂದು ಸಣ್ಣ ಹುರಿಯನ್ನು ರಕ್ಷಣೆಗಾಗಿ ಕಟ್ಟಿದ್ದರೆ ನಿಶ್ಚಿಂತೆ. ಉದ್ದನೆಯ ಭಾರಿ ಲೆನ್ಸಿಗೆ ತನ್ನದೇ ಕೊರಳಬಳೆಯಿದ್ದಲ್ಲಿ ಪಟ್ಟಿಯನ್ನು ಅದಕ್ಕೇ ಸಿಕ್ಕಿಸತಕ್ಕದ್ದು. ಇಲ್ಲವಾದರೆ ಲೆನ್ಸಿನ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಮೇಜಿನ ಮೇಲೆ ಕ್ಯಾಮರಾ ಇಟ್ಟಾಗ ಪಟ್ಟಿಯನ್ನು ಇಳಿಬಿಡಬಾರದು. ಅಂಬೆಗಾಲಿಡುವ ಮಗುವಿಗೆ ಅದು ಹಗ್ಗದಾಟ.

ಉದ್ದವನ್ನು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಅಳೆದುಕೊಳ್ಳಿ. ದರ್ಜಿಯ ಅಳತೆಪಟ್ಟಿಯನ್ನು ಎಡಹೆಗಲಿನಿಂದ ಬಲಸೊಂಟಕ್ಕೆ ಸುತ್ತುಹಾಕಿ, ಬಲಮೊಣಕೈ ಸ್ವಲ್ಪವೇ ಬಾಗಿ ಅಂಗೈ ನಿಲ್ಲುವ ಎಡೆಯನ್ನು ಗುರುತಿಸಿದರೆ ಅದೇ ನಿಮ್ಮ ಅಳತೆ. ಚಳಿಗಾಲದ ಕೋಟಿಗಾಗಿ ನಾಲ್ಕು ಬೆರಳು ಹೆಚ್ಚಿರಲಿ. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡು ನೋಡಿದರೆ ಎಲ್ಲ ಪಟ್ಟಿಗಳೂ ಸುಖವಾಗಿಯೇ ಇರುತ್ತವೆ. ಹಿಂದಿರುಗಿಸುವ ಕರಾರಿನ ಮೇಲೆ ಮನೆಗೆ ತಂದು, ನಿಮ್ಮ ಕ್ಯಾಮರಾದಷ್ಟೇ ತೂಕದ ಅಕ್ಕಿಯನ್ನು ಒಂದು ಗಟ್ಟಿ ಚೀಲಕ್ಕೆ ತುಂಬಿ ಅದಕ್ಕೆ ಕಟ್ಟಿ, ಒಂದು ಗಂಟೆಯ ಕಾಲ ಹಿತ್ತಿಲಿನಲ್ಲಿ ತಿರುಗಾಡಿ. ನೆರೆಯವರು ನಕ್ಕರೆ ನಗಲಿ.

ಕಾಗದ ಬರೆದ ಮಹಾಶಯರು ಮೊದಲು ತಮ್ಮ ಕ್ಯಾಮರಾವನ್ನು ಲೆನ್ಸಿನ ಸಮೇತ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ನನಗೆ ತಿಳಿಸಲಿ. ಕೈಬೆರಳಿಗೆ ಜೋಮು ಬರುವುದುಂಟೇ ಎಂಬುದನ್ನೂ ಬರೆಯಲಿ; ಬರುತ್ತಿದ್ದರೆ ಪಟ್ಟಿಯ ಮಾತು ಆಮೇಲೆ, ಮೊದಲು ವೈದ್ಯರ ಬಳಿಗೆ ಹೋಗಲಿ. ನಾನು ಬರುವ ವಾರ ಒಂದು ಕೆರೆಯಂಗಳಕ್ಕೆ ಹೊರಟಿದ್ದೇನೆ. ಅಲ್ಲಿಯ ಕಲ್ಲು ನೀರು ಇಳಿದಾಗ ಮಾತ್ರ ಹೊರಗೆ ಕಾಣುತ್ತದೆ. ಈಗ ಎದೆಯ ಮಟ್ಟಕ್ಕೆ ಎದ್ದಿದೆಯೆಂದು ಕುರಿ ಕಾಯುವ ಹುಡುಗ ಸುದ್ದಿ ತಂದಿದ್ದಾನೆ.