ಬಂಡಿಯ ನೆತ್ತಿಯೋ, ಬೇವಿನ ಟೊಂಗೆಯೋ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಚಿಕ್ಕೇರೂರಿನ ಟ್ರ್ಯಾಕ್ಟರ್ ಟ್ರೇಲರುಗಳು ಮನೆಗಳಾಗುತ್ತವೆ. ನಾಲ್ಕು ಮೂಲೆಗೆ ಪೈಪು ನಿಲ್ಲಿಸಿ, ಬಿದಿರ ದಬ್ಬೆ ಬಾಗಿಸಿ, ಮೇಲೆ ತಾಡಪತ್ರಿ ಎಳೆದು ಕಟ್ಟಿದರೆ ಸೂರು ಆಯಿತು. ಒಳಗೆ ಮೇವಿನ ಮೇಲೆ ಜಮಖಾನ, ಮೂಲೆಗೆ ಕಟಕರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿಯ ಡಬ್ಬಿ, ನೀರಿನ ಕೊಡ. ಸವದತ್ತಿ ಎಲ್ಲವ್ವನ ಗುಡ್ಡವಾಗಲಿ, ಮೈಲಾರದ ಕಾರಣಿಕವಾಗಲಿ, ಎರಡು ಮೂರು ರಾತ್ರಿ ಅದರಲ್ಲೇ ಬಿಡಾರ. ಅಜ್ಜನ ಕಾಲದಲ್ಲಿ ಇದೇ ಸಂಸಾರ ಕೊಲ್ಲಾರಿ ಬಂಡಿಯಲ್ಲಿ ಸಾಗುತ್ತಿತ್ತು. ಹೊರದೇಶದವರು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಕ್ಯಾರವಾನ್ ಎಂದರೆ ಏನೋ ದೊಡ್ಡ ಸಂಗತಿ ಅಂದುಕೊಳ್ಳುತ್ತೇವೆ. ನೆರಳು, ಹಾಸಿಗೆ, ಗಾಲಿ ಮೂರೂ ಇದ್ದರೆ ನಮ್ಮದೂ ಅದೇ.

ನಮ್ಮಣ್ಣ ಎರಡು ವರ್ಷದ ಹಿಂದೆ ತಾಡಪತ್ರಿಗೆ ಬೇಸತ್ತು ಟ್ರೇಲರಿಗೆ ತಗಡಿನ ಗೂಡು ಮಾಡಿಸಿದ. ಬೇಡವಾದಾಗ ಬೋಲ್ಟು ಬಿಚ್ಚಿ ಇಳಿಸಬಹುದು. ಅಲ್ಲಿಂದ ಶುರುವಾಯಿತು ಮನೆಯಲ್ಲಿ ಜಗಳ. ನನಗೆ ಹ್ಯಾಮ್ ರೇಡಿಯೊದ ಹುಚ್ಚು. ಸರಕಾರದ ಪರೀಕ್ಷೆ ಪಾಸಾಗಿ, ವಿಯು3 ಎಂದು ಶುರುವಾಗುವ ಕರೆಸಂಕೇತ ಪಡೆದು, ವ್ಯಾಪಾರದ ಮಾತೊಂದನ್ನು ಬಿಟ್ಟು ಊರೂರಿನ ಹವ್ಯಾಸಿಗಳ ಜತೆ ತಂತಿಯಿಲ್ಲದೆ ಮಾತಾಡುವ ಹುಚ್ಚು. (ಹ್ಯಾಮ್ ಅಂದರೆ ಹಂಸಭಾವಿ ಊರಿನವರೇನೋ ಅಂತ ನಮ್ಮ ದೊಡ್ಡವ್ವ ಬಹಳ ದಿನ ತಿಳಿದಿದ್ದಳು.) ಗೂಡಿನ ನೆತ್ತಿಗೆ ಒಂದು ಆಂಟೆನಾ ಕಾಯಂ ಆಗಿ ಕೂರಿಸಬೇಕು ಎಂಬುದು ನನ್ನ ಆಸೆ. ಅಣ್ಣನ ಉತ್ತರ ಒಂದೇ ಸಾಲು: "ತಮ್ಮಾ, ಬಂಡಿ ಅಂದ್ರ ಬಂಡಿ, ಟಾವರ್ ಅಲ್ಲ."

ಗೂಡು ಕಟ್ಟಿದ ವೆಲ್ಡಿಂಗ್ ಅಂಗಡಿಯ ಹುಡುಗನೂ ಅಣ್ಣನ ಕಡೆಯೇ ವಾಲಿದ. ಡ್ರಿಲ್ಲು ಕೈಯಲ್ಲಿ ಹಿಡಿದು ತಗಡಿನ ಮೇಲೆ ಕೂತವನು ಕೆಳಗೆ ನೋಡಿ, "ತೂತ ಹೊಡೀತೀನ್ರಿ, ಹೊಡಿಯಾಕ ಏನೈತಿ. ಆಮ್ಯಾಲ ಮಳಿ ಸೋರಿದ್ರ ನಂಗ ಬೈಬ್ಯಾಡ್ರಿ," ಅಂದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಹಿಂದೊಮ್ಮೆ ಬೇರೆ ಗೂಡಿನ ತಗಡಿಗೆ ಹೀಗೇ ತೂತು ಹೊಡೆಸಿ, ಸುತ್ತ ಅಂಟು ಮೆತ್ತಿ, ಗೆದ್ದೆ ಅಂದುಕೊಂಡಿದ್ದೆ. ಎರಡು ಬೇಸಿಗೆಯ ಬಿಸಿಲಿಗೆ ಅಂಟು ಬಿರಿಯಿತು. ಅಡ್ಡಮಳೆಯ ಒಂದು ಸಂಜೆ ನೀರು ಹೊರಗಡೆಯಿಂದಲ್ಲ, ಕೇಬಲ್ಲಿನ ಹೊಟ್ಟೆಯೊಳಗಿಂದಲೇ ಇಳಿದುಬಂದು ರೇಡಿಯೊದ ಬೆನ್ನಿಗೆ ತೊಟ್ಟಿಕ್ಕಿತು. ಕೇಬಲ್ಲು ಒಳಗೆ ಬರುವ ಮುಂಚೆ ಕೆಳಮುಖವಾಗಿ ಒಂದು ಸುತ್ತು ಬಿಟ್ಟಿದ್ದರೆ ಹೊರಮೈಯ ಹನಿಯಾದರೂ ಅಲ್ಲೇ ಉದುರುತ್ತಿತ್ತು. ಅಷ್ಟು ಚಿಕ್ಕ ಬುದ್ಧಿ ಆಗ ಇರಲಿಲ್ಲ.

ಇಷ್ಟಾದರೂ ನೆತ್ತಿಯ ಆಂಟೆನಾದ ಪರ ಹೇಳುವುದಕ್ಕೆ ಬಹಳ ಇದೆ. 145 ಮೆಗಾಹರ್ಟ್ಸಿನ ವಿಎಚ್ಎಫ್ ಮಾತುಕತೆಗೆ ಬೇಕಾದ ಕಾಲು ಅಲೆಯ (ಅಲೆಯುದ್ದದ ಕಾಲು ಪಾಲಿನ) ಕಡ್ಡಿ ಬರೀ 49 ಸೆಂಟಿಮೀಟರು, ಅಂದರೆ ಒಂದು ಮೊಳಕ್ಕಿಂತ ತುಸು ಹೆಚ್ಚು. ಆ ಕಡ್ಡಿಗೆ ಕೆಳಗೆ ಲೋಹದ ನೆಲ ಬೇಕು, ಸುತ್ತ ಅರ್ಧ ಮೀಟರಾದರೂ. ತಗಡಿನ ಗೂಡು ಅದನ್ನು ಪುಕ್ಕಟೆ ಕೊಡುತ್ತದೆ. ಫೈಬರ್ ಸೂರಿನ ಕ್ಯಾರವಾನ್ ಇಟ್ಟುಕೊಂಡವರು ಈ ಭಾಗ್ಯಕ್ಕಾಗಿ ಒಳಗಡೆ ಲೋಹದ ಹಾಳೆ ಅಂಟಿಸುತ್ತಾರೆ, ಇಲ್ಲವೇ ನೆಲವೇ ಬೇಡದ ಅರ್ಧ ಅಲೆಯ ಆಂಟೆನಾ ಹಾಕುತ್ತಾರೆ. ತಾಡಪತ್ರಿಯ ಸೂರಿಗಂತೂ ಲೋಹದ ಗಂಧವೇ ಇಲ್ಲ.

ವಿಎಚ್ಎಫ್ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಂಡಷ್ಟೇ ದೂರ ಹೋಗುತ್ತದೆ. ಬಯಲಲ್ಲಿ ಮೂರು ಮೀಟರ್ ಎತ್ತರದ ಒಂದು ಗೂಡಿನಿಂದ ಅಷ್ಟೇ ಎತ್ತರದ ಇನ್ನೊಂದಕ್ಕೆ ಲೆಕ್ಕದ ಪ್ರಕಾರ 14 ಕಿಲೋಮೀಟರು. ಜಾತ್ರೆಯ ಬಯಲಿಗೆ, ಒಂದರ ಹಿಂದೊಂದು ಹೊರಟ ನಾಲ್ಕು ಟ್ರ್ಯಾಕ್ಟರುಗಳಿಗೆ ಅದು ಧಾರಾಳ. ಲಕ್ಷಗಟ್ಟಲೆ ಜನ ಒಂದೇ ಕಡೆ ಸೇರಿ ಮೊಬೈಲಿನಲ್ಲಿ ಗೆರೆ ಕಂಡರೂ ಕರೆ ಹೋಗದ ಹೊತ್ತಿನಲ್ಲಿ ಈ ಒಂದು ಮೊಳದ ಕಡ್ಡಿಯ ಬೆಲೆ ತಿಳಿಯುತ್ತದೆ.

ಇನ್ನೂ ದೊಡ್ಡ ಮಾತು ಸಿದ್ಧತೆಯದು. ಆಪತ್ತು ಆಂಟೆನಾ ಕಟ್ಟುವವರೆಗೆ ಕಾಯುವುದಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರಿನಲ್ಲೇ ಇತ್ತು. ಅವರು ಬಂದದ್ದು ಹವ್ಯಾಸಕ್ಕೆ, ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳ ಜತೆ ಮಾತಾಡುವುದಕ್ಕೆ. ಆಂಟೆನಾ ಅದಾಗಲೇ ಎದ್ದು ನಿಂತಿತ್ತು. ದ್ವೀಪದ ಉಳಿದ ಸಂಪರ್ಕ ಕುಸಿದಾಗ ತಮ್ಮವರು ಬದುಕಿದ್ದಾರೋ ಇಲ್ಲವೋ ಎಂಬ ಸುದ್ದಿ ಮುಖ್ಯಭೂಮಿಗೆ ಮುಟ್ಟಿದ್ದು ಅಂಥ ಆಂಟೆನಾಗಳಿಂದ. ನಮ್ಮ ಜಿಲ್ಲೆಗೂ ನೀರು ಹೊಸದಲ್ಲ. 2019ರ ಆಗಸ್ಟಿನಲ್ಲಿ ವರದಾ, ತುಂಗಭದ್ರೆ ಉಕ್ಕಿದ್ದನ್ನು ಹಾನಗಲ್ಲು, ಹಾವೇರಿ ಕಡೆಯವರು ಮರೆತಿಲ್ಲ. ಬಿಚ್ಚಿ ಡಬ್ಬಿಯಲ್ಲಿಟ್ಟ ಆಂಟೆನಾವನ್ನು ಸುರಿವ ಮಳೆಯಲ್ಲಿ ಮರಕ್ಕೆ ಕಟ್ಟುತ್ತೇನೆ ಎನ್ನುವವರು ಹಾಗೆ ಒಮ್ಮೆ ಕಟ್ಟಿ ನೋಡಲಿ. ನಾನು ನೋಡಿದ್ದೇನೆ, ಹೆಣಿಗೆಯ ಹಗ್ಗ ನೆನೆದರೆ ಗಂಟು ಬಿಚ್ಚುವುದೂ ಇಲ್ಲ, ಬಿಗಿಯುವುದೂ ಇಲ್ಲ.

ರಾಣೆಬೆನ್ನೂರಿನ ನನ್ನ ಹ್ಯಾಮ್ ಗೆಳೆಯ ಈ ವಾದವನ್ನೆಲ್ಲ ಪೂರ್ತಿ ಕೇಳಿದ. ಚಹಾ ಮುಗಿಸಿದ. ಆಮೇಲೆ ಒಂದೇ ಪ್ರಶ್ನೆ: "ಗಾಡಿ ಹೋಗಬೇಕಾದ್ರ ಆ ಗೂಡಿನಾಗ ಯಾರ್ ಕುಂತಿರತಾರ?"

ಯಾರೂ ಇಲ್ಲ. ಟ್ರೇಲರಿನಲ್ಲಿ ಜನರನ್ನು ತುಂಬಿಕೊಂಡು ಹೋಗುವುದು ಕಾನೂನಿಗೆ ಒಪ್ಪಿತವಲ್ಲ, ಅದಕ್ಕೆ ತಕ್ಕ ದುರಂತಗಳನ್ನೂ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ನಮ್ಮ ಮನೆಯವರು ಬಸ್ಸಿಗೆ, ಸಾಮಾನು ಟ್ರೇಲರಿಗೆ. ಅಂದಮೇಲೆ ಗಾಡಿ ಓಡುವಾಗ ಗೂಡಿನ ನೆತ್ತಿಯ ಆಂಟೆನಾ ರೊಟ್ಟಿ ಬುಟ್ಟಿಗೆ ಸೇವೆ ಸಲ್ಲಿಸುತ್ತದೆ. ದಾರಿಯ ಮಾತಿಗೆ ಕಡ್ಡಿ ಇರಬೇಕಾದ್ದು ಎಳೆಯುವ ಗಾಡಿಯ ಮೇಲೆ. ಬಿಡಾರ ಹೂಡಿದ ಮೇಲೆ ಗೂಡಿಗೆ ಆಂಟೆನಾ ಬೇಕು, ಆದರೆ ಆಗ ಮರ ಇದೆ, ಗಳ ಇದೆ, ಪುರಸೊತ್ತು ಇದೆ. ನೆತ್ತಿಯೇ ಯಾಕೆ?

ಈ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ದೂರದ ಊರಿನ ಮಾತಿಗೆ ಬೇಕಾದ 7 ಮೆಗಾಹರ್ಟ್ಸಿಗೆ ಬಂದಾಗ ಇದ್ದ ಅರ್ಧವೂ ಕರಗಿತು.

7 ಮೆಗಾಹರ್ಟ್ಸು, ಹವ್ಯಾಸಿಗಳ ಬಾಯಲ್ಲಿ 40 ಮೀಟರ್ ಬ್ಯಾಂಡು. ಇಲ್ಲಿ ಕಾಲು ಅಲೆ ಎಂದರೆ ಹತ್ತು ಮೀಟರು. ಅಷ್ಟು ಉದ್ದದ ಕಂಬವನ್ನು ಟ್ರೇಲರಿನ ಮೇಲೆ ನಿಲ್ಲಿಸಿದರೆ ನಂದಿಕೋಲಿನ ಉತ್ಸವ ಆದೀತು. ಹಾಗಾಗಿ 2.4 ಮೀಟರಿನ ಕಡ್ಡಿಗೆ ನಡುವೆ ಸುರುಳಿ ಸುತ್ತಿ, ಉದ್ದ ಇದೆ ಎಂದು ರೇಡಿಯೊಕ್ಕೆ ನಂಬಿಸುತ್ತಾರೆ. ರೇಡಿಯೊ ನಂಬುತ್ತದೆ, ಆಂಟೆನಾ ಹೊಂದಿದೆಯೇ ಎಂದು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳೂ ನಂಬುತ್ತದೆ, ಆಕಾಶ ಮಾತ್ರ ನಂಬುವುದಿಲ್ಲ. ಅಂಥ ಗಿಡ್ಡ ಕಡ್ಡಿ ಅಲೆಯಾಗಿ ಹೊರಹಾಕುವ ಪಾಲು ಒಂದೆರಡು ಓಮಿನಷ್ಟು, ಸುರುಳಿಯೂ ನೆಲವೂ ತಿನ್ನುವುದು ಹತ್ತು ಹದಿನೈದು ಓಮು. 50 ವಾಟು ಸುರಿದರೆ ಗಾಳಿಗೆ ಹೋಗುವುದು ಐದಾರು. ಉಳಿದದ್ದು ಸುರುಳಿಯನ್ನೂ ನೆಲವನ್ನೂ ಕಾಯಿಸುತ್ತದೆ.

ಅದಕ್ಕಿಂತ ಹೆಚ್ಚಿನ ಪೆಟ್ಟು ದಿಕ್ಕಿನದು. ಚಿಕ್ಕೇರೂರಿನಿಂದ ಬೆಂಗಳೂರು ನೆಟ್ಟಗೆ ಅಳೆದರೆ ಸುಮಾರು 290 ಕಿಲೋಮೀಟರು, ಮಂಗಳೂರು ಇನ್ನೂ ಹತ್ತಿರ. ಇಷ್ಟು ದೂರದ ಮಾತಿಗೆ ಹಗಲು ಹೊತ್ತು ಅಲೆ ಹೆಚ್ಚುಕಡಿಮೆ ನೇರ ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ಬಡಿದು, ಕಾರಂಜಿಯ ನೀರಿನ ಹಾಗೆ ಸುತ್ತಲೂ ಬೀಳಬೇಕು. ನೆಟ್ಟಗೆ ನಿಂತ ಕಡ್ಡಿಗೆ ಬಾರದ ಒಂದೇ ವಿದ್ಯೆ ಎಂದರೆ ಮೇಲಕ್ಕೆ ಕಳಿಸುವುದು. ನೆತ್ತಿಯ ಮೇಲೆ ಅದು ಕುರುಡು. ಬೆಂಗಳೂರಿನ ಕ್ಲಬ್ಬಿನವರ ಬೆಳಗಿನ ಮಾತು ಕೇಳಬೇಕೆಂದು ದುಬಾರಿ ಕಡ್ಡಿ ಕೊಂಡು ತಂದವನಿಗೆ ಬೆಂಗಳೂರು ಬಿಟ್ಟು ಉತ್ತರ ಭಾರತದ ಯಾವುದೋ ಊರು ಕೇಳಿಸಿದರೆ ಆಶ್ಚರ್ಯವಿಲ್ಲ.

ಮರಕ್ಕೆ ಕಟ್ಟುವ ತಂತಿಯ ಕೆಲಸ ಬೇರೆ. 143 ಅನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅರ್ಧ ಅಲೆಯ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ, 7.1ಕ್ಕೆ ಇಪ್ಪತ್ತು ಮೀಟರು ಚಿಲ್ಲರೆ. ಎರಡು ತುಂಡು ಮಾಡಿ, ನಡುವೆ ಕೇಬಲ್ಲು ಕಟ್ಟಿ, ನಡುವನ್ನು ಏಳೆಂಟು ಮೀಟರ್ ಎತ್ತರಕ್ಕೆ ಎಳೆದು, ಎರಡು ತುದಿಗಳನ್ನು ಕೆಳಕ್ಕೆ ಇಳಿಬಿಟ್ಟರೆ ಗುಡಿಸಲ ಸೂರಿನ ಆಕಾರ. ನೆಲಕ್ಕೆ ಹತ್ತಿರ ಇರುವುದೇ ಇಲ್ಲಿ ಗುಣ, ಅಲೆ ಮೇಲಕ್ಕೇ ಹೋಗುತ್ತದೆ. ಖರ್ಚು ಮನೆ ವೈರಿಂಗಿನ ಒಂದಿಷ್ಟು ತಂತಿ. ಹಗ್ಗವನ್ನು ಟೊಂಗೆಯ ಮೇಲೆ ಹಾಯಿಸುವುದಕ್ಕೆ ಅಮೆರಿಕದವರು ವಿಶೇಷ ಬಿಲ್ಲು ಮಾರುತ್ತಾರಂತೆ. ನಮಗೆ ಕವಣೆ ಇದೆ. ಜೋಳದ ಹೊಲದ ಅಟ್ಟಣಿಗೆಯ ಮೇಲೆ ನಿಂತು ಗಿಳಿ ಓಡಿಸಿದ ಕೈಗೆ ದಾರ ಕಟ್ಟಿದ ಕಲ್ಲನ್ನು ಬೇವಿನ ಮರದ ಬೇಕಾದ ಕವಲಿಗೆ ಹಾಯಿಸುವುದು ಎರಡನೆಯ ಏಟಿನ ಮಾತು. ನಮ್ಮ ಆಳು ಮೊದಲನೆಯ ಏಟಿಗೇ ಹಾಯಿಸಿದ, "ಇಷ್ಟನಾ?" ಅಂದು ಹೋದ.

ತಂತಿಯ ಪರ ವಾದಕ್ಕೂ ಬಿರುಕುಗಳಿವೆ. ಮೈಲಾರದ ಜಾತ್ರೆಯ ಬಯಲಲ್ಲಿ ಇಪ್ಪತ್ತು ಮೀಟರ್ ತಂತಿ ಹರಡುವಷ್ಟು ಜಾಗ ಯಾರು ಬಿಡುತ್ತಾರೆ? ಕತ್ತಲಲ್ಲಿ ಇಳಿಬಿದ್ದ ತಂತಿಯ ತುದಿ ದಾರಿಹೋಕರ ಕೊರಳ ಮಟ್ಟಕ್ಕೆ ಬರುತ್ತದೆ. ಮಾತಾಡುವಾಗ ಆ ತುದಿಯಲ್ಲೇ ವೋಲ್ಟೇಜು ಹೆಚ್ಚು, ಮುಟ್ಟಿದರೆ ಕೈ ಸುಡುತ್ತದೆ. ದನಗಳಿಗೆ ಅದು ಮೈ ತಿಕ್ಕುವ ಹಗ್ಗ. ಒಮ್ಮೆ ನಮ್ಮ ಎಮ್ಮೆ ಅರ್ಧ ಅಲೆಯನ್ನು ಕೋಡಿಗೆ ಸುತ್ತಿಕೊಂಡು ಕೆರೆ ಕಡೆ ನಡೆದಿತ್ತು. ರಾತ್ರಿಯಾದರೆ ಅಯಾನುಗೋಳದ ರೀತಿಯೇ ಬದಲಾಗಿ, ಹಗಲು ಕೇಳಿದ ಬೆಂಗಳೂರು ತಂತಿಯಲ್ಲೂ ಮಾಯ.

ಇನ್ನು ಕರೆಂಟಿನ ತಂತಿ. ಇಲ್ಲಿ ನಾನು ಅಣ್ಣನಿಗೆ ಸಂಪೂರ್ಣ ಶರಣು. ನಮ್ಮ ಗೂಡಿನ ನೆತ್ತಿ ನೆಲದಿಂದ 2.9 ಮೀಟರು. ಮೇಲೆ 2.4 ಮೀಟರಿನ ಕಡ್ಡಿ ನಿಂತರೆ 5.3. 1956ರ ವಿದ್ಯುತ್ ನಿಯಮಗಳಲ್ಲಿ ಬೀದಿಗೆ ಅಡ್ಡ ಹಾಯುವ 11 ಕೆವಿ ತಂತಿ 6.1 ಮೀಟರಿಗಿಂತ ಕೆಳಗೆ ಇರಬಾರದು ಎಂದಿತ್ತು. ಅಂದರೆ ಮುಖ್ಯರಸ್ತೆಯಲ್ಲಿ ಪಾರು. ಬೀದಿ ಬಿಟ್ಟ ಜಾಗದಲ್ಲಿ, ಎಂದರೆ ಹೊಲದ ಮೇಲೆ, ಅದೇ ನಿಯಮ 4.6 ಮೀಟರಿಗೆ ಇಳಿಯುತ್ತಿತ್ತು. ಟ್ರ್ಯಾಕ್ಟರು ಹೋಗುವುದೇ ಹೊಲದ ದಾರಿಯಲ್ಲಿ. ಬೇಸಿಗೆಯಲ್ಲಿ ಜೋತ ತಂತಿ, ಗೋವಿನಜೋಳದ ಲೋಡಿಗೇ ತಾಗುತ್ತದೇನೋ ಎಂದು ಉಸಿರು ಹಿಡಿದು ದಾಟುವ ಜಾಗಗಳು ನಮ್ಮೂರ ಸುತ್ತ ಇವೆ. ಅಲ್ಲಿ ನೆತ್ತಿಯ ಕಡ್ಡಿ ಮಡಚದೆ ಹೋದರೆ ಅದು ಆಂಟೆನಾ ಅಲ್ಲ, ಯಮನ ಕೊಕ್ಕೆ. ವಿಎಚ್ಎಫಿನ ಒಂದು ಮೊಳದ ಕಡ್ಡಿಗೆ ಈ ಭಯ ಬಹಳ ಕಡಿಮೆ, ಒಟ್ಟು 3.4 ಮೀಟರು ಮಾತ್ರ.

ಸಿಡಿಲಿನ ವಿಚಾರದಲ್ಲಿ ಎರಡೂ ಪಕ್ಷ ಸೋಲುತ್ತವೆ. ಗುಡುಗು ಕೇಳಿದ ಕೂಡಲೇ ಕೇಬಲ್ಲು ಕಿತ್ತು ಹೊರಗೆ ಎಸೆಯಬೇಕು, ಅಷ್ಟೇ.

ಕಾಗದಪತ್ರದ ಕಡೆಯೂ ಒಮ್ಮೆ ನೋಡಬೇಕು. ಟ್ರೇಲರು ತನ್ನದೇ ನಂಬರು ಹೊತ್ತ ವಾಹನ. ಆರ್‌ಸಿಯಲ್ಲಿ ಬರೆದ ವಿವರ ಬದಲಾಗುವಂಥ ಮಾರ್ಪಾಡು ಮಾಡಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಒಂದು ಮೊಳದ ಕಡ್ಡಿಗೆ ಯಾರೂ ತಕರಾರು ತೆಗೆಯಲಾರರು, ಆದರೆ ಬೆಸುಗೆ ಹಾಕಿ ನಿಲ್ಲಿಸಿದ ಕಂಬ ಬೇರೆ ಮಾತು. 1978ರ ಹ್ಯಾಮ್ ನಿಯಮಗಳು ವಾಹನದಿಂದ ಮಾತಾಡುವುದನ್ನು ಮನೆಯ ಠಾಣೆಯಿಂದ ಬೇರೆಯಾಗಿಯೇ ಎಣಿಸಿದ್ದವು, ಆದ್ದರಿಂದ ತಮ್ಮ ಪರವಾನಗಿಯ ಒಕ್ಕಣೆ ಓದದೆ ಗಾಡಿಯಲ್ಲಿ ರೇಡಿಯೊ ಹಚ್ಚುವುದು ಜಾಣತನವಲ್ಲ.

ತೂಗಿ ನೋಡಿದರೆ ನನಗೆ ಕಂಡದ್ದು ಇದು. ಜಗಳ ಕಾಯಂ ಮತ್ತು ತಾತ್ಕಾಲಿಕದ ನಡುವೆ ಅಂತ ತಿಳಿದಿದ್ದೆ, ಅದು ಯಾರ ಜತೆ ಮಾತಾಡಬೇಕು ಎಂಬುದರದ್ದು. ಜಾತ್ರೆಯ ಇನ್ನೊಂದು ತುದಿಯ ಬಿಡಾರಕ್ಕೆ, ಹಿಂದೆ ಉಳಿದ ಟ್ರ್ಯಾಕ್ಟರಿಗೆ ಸುದ್ದಿ ಮುಟ್ಟಿಸುವ ಕಡ್ಡಿಯನ್ನು ತೂತು ಹೊಡೆದೇ ಕೂರಿಸಬಹುದು. ರಬ್ಬರ್ ವಾಷರು, ಕೆಳಮುಖದ ಸುತ್ತು, ವರ್ಷಕ್ಕೊಮ್ಮೆ ಅಂಟು ಕೆರೆದು ಹೊಸದಾಗಿ ಹಚ್ಚುವ ಶಿಸ್ತು ಇದ್ದರೆ. ಬೆಂಗಳೂರಿಗೆ, ಮಂಗಳೂರಿಗೆ ಕೂಗುವ ತಂತಿ ಮಾತ್ರ ನೆತ್ತಿಗೆ ಹೋಗಬಾರದು. ಹೀಗೆ ಮಾಡಿದಾಗ ಕಳಕೊಳ್ಳುವುದೂ ಇದೆ. ದೂರದ ಊರಿಗೆ ತುರ್ತು ಸುದ್ದಿ ಹೇಳಬೇಕಾದ ಮಳೆಯ ರಾತ್ರಿ ನನ್ನ ಆಂಟೆನಾ ಡಬ್ಬಿಯಲ್ಲಿರುತ್ತದೆ. ನನ್ನ ಗೆಳೆಯ ಇದನ್ನು ಸಣ್ಣ ಮಾತು ಅನ್ನುತ್ತಾನೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಆ ನಷ್ಟವನ್ನು ಅರ್ಧವಾದರೂ ತುಂಬಲಿ ಎಂದು ಗೂಡಿನ ಹಿಂಬದಿಯ ಮೂಲೆಗೆ ಒಂದೂವರೆ ಅಡಿಯ ಜಿಐ ಪೈಪು ಬೆಸೆಸಿದೆ. ಬಿಡಾರ ಹೂಡಿದ ಮೇಲೆ ಅದರೊಳಗೆ ಬಿದಿರ ಗಳ ಇಳಿಸಿ, ಗಳದ ತುದಿಯಿಂದ ತಂತಿ ಇಳಿಬಿಟ್ಟರೆ ಬೇವಿನ ಮರದ ಹಂಗೂ ಇಲ್ಲ. ಪಟ್ಟು ಹಿಡಿದು ಅಭ್ಯಾಸ ಮಾಡಿ ಹನ್ನೆರಡು ನಿಮಿಷಕ್ಕೆ ತಂದಿದ್ದೇನೆ, ಮಳೆ ಇಲ್ಲದಿದ್ದರೆ. ತೂತು ಇಲ್ಲ, ಸೋರಿಕೆ ಇಲ್ಲ, ದಾರಿಯಲ್ಲಿ ಎತ್ತರವೂ ಇಲ್ಲ. ವೆಲ್ಡಿಂಗ್ ಹುಡುಗ ಮೆಚ್ಚಿದ. ಅಣ್ಣ ಪೈಪನ್ನು ಎರಡು ಸಲ ಅಲ್ಲಾಡಿಸಿ ನೋಡಿ ಏನೂ ಅನ್ನದೆ ಒಳಗೆ ಹೋದ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಬಂದು ನೋಡುತ್ತೇನೆ, ಆ ಪೈಪಿನಲ್ಲಿ ಒಂದು ಗಳ ನಿಂತಿದೆ, ಅದಕ್ಕೆ ತಾಡಪತ್ರಿಯ ಚಪ್ಪರ ಕಟ್ಟಿದೆ, ಕೆಳಗೆ ಅತ್ತಿಗೆ ಮೆಣಸಿನಕಾಯಿ ಆರಿಸುತ್ತ ಕೂತಿದ್ದಾಳೆ. "ಚಲೋ ಮಾಡ್ಸಿ ಬಿಡಪಾ, ನೆಳ್ಳಿಗೆ ಭಾಳ ಅನುಕೂಲ ಆತು," ಅಂದಳು.